ಟವೆಲ್ಲು ಕೊಡವಿದ ಬೇಸಿಗೆ

ಹೋದ ತಿಂಗಳು ತಲಕಾಡಿನಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶವಿತ್ತು. ನಾನೂ ನಮ್ಮವರೂ ತಿಂಡಿ ಮುಗಿಸಿ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದೆವು. ನನ್ನ ತೊಡೆಯ ಮೇಲೆ ಸೀರೆ ಕಣದ ಚೀಲ, ಅವರ ತೊಡೆಯ ಮೇಲೆ ಬಾಳೆಹಣ್ಣಿನ ಚಿಪ್ಪು. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ರಸ್ತೆ ನಡುವೆ ಒಬ್ಬಾತ ಕೆಂಪು ಬಾವುಟ ಹಿಡಿದು ನಿಂತಿದ್ದ.

"ಬಂಡೆ ಸಿಡಿಸ್ತಾರೆ ಕಣ್ರೀ. ಯಾರೂ ಇಳೀಬೇಡಿ" ಅಂದ ಕಂಡಕ್ಟರು.

"ಮೂರ್ತ ಮೀರೋಯ್ತದೆ ಕಣಯ್ಯ" ಅಂದರು ಹಿಂದಿನ ಸೀಟಿನ ಅಜ್ಜಿ. ಡ್ರೈವರು ಇಂಜಿನ್ನು ಆರಿಸಿದ. ಅದರ ಸದ್ದು ನಿಂತ ಕೂಡಲೇ ಕಿಟಕಿಯಿಂದ ಆ ವಾಸನೆ ಬಂತು. ನೀರು ಚಿಮುಕಿಸಿದ ಕಲ್ಲುಪುಡಿಯ ವಾಸನೆ. ಮಳೆಗೆ ನೆನೆದ ಮಣ್ಣಿನಂತಲ್ಲ ಅದು, ಸ್ವಲ್ಪ ಖಾರ, ಮೂಗಿನ ತುದಿಗೆ ಕೂರುತ್ತದೆ. ನಮ್ಮವರ ಬಟ್ಟೆ ನೆನೆಸಿದ ಬಕೆಟ್ಟಿನಿಂದ ಎಷ್ಟೋ ವರ್ಷ ಈ ವಾಸನೆಯೇ ಏಳುತ್ತಿತ್ತು. ಅವರ ಅಂಗಿ ಪ್ಯಾಂಟನ್ನು ನಾನು ಉಳಿದ ಬಟ್ಟೆಯ ಜೊತೆ ಹಾಕುತ್ತಿರಲಿಲ್ಲ. ಮೊದಲ ನೀರು ಮಜ್ಜಿಗೆಯಂತೆ ಬೆಳ್ಳಗೆ ಇಳಿಯುತ್ತಿತ್ತು. ಮಗಳು ಚೈತ್ರ ಎಂ.ಟೆಕ್. ಕೊನೆಯ ವರ್ಷದಲ್ಲಿ ಮನೆಗೆ ಬಂದಿದ್ದ ಬೇಸಿಗೆಯಲ್ಲಂತೂ ಎರಡು ಬಕೆಟ್ಟು: ಒಂದು ಅಪ್ಪನದು, ಒಂದು ಮಗಳದು.

ನಮ್ಮವರು ಜಲ್ಲಿ ಕ್ವಾರಿಯಲ್ಲಿ ಮೇಸ್ತ್ರಿ. ಕ್ವಾರಿಯವರೆಲ್ಲ ಮೇಸ್ತ್ರಣ್ಣ ಅನ್ನುತ್ತಾರೆ. ನಾನು ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಚೈತ್ರ ಚಿಕ್ಕವಳಿದ್ದಾಗ ಇವರು ಸಂಜೆ ಜೇಬಿನಲ್ಲಿ ಬಗೆಬಗೆಯ ಕಲ್ಲು ತರುತ್ತಿದ್ದರು. ಕರಿ ಚುಕ್ಕೆಯದು, ಗುಲಾಬಿ ಗೆರೆಯದು, ಬಿಸಿಲಿಗೆ ಹಿಡಿದರೆ ಮಿನುಗುವುದು. ಅವಳು ಅವನ್ನೆಲ್ಲ ತುಳಸಿಕಟ್ಟೆಯ ಸುತ್ತ ಜೋಡಿಸುತ್ತಿದ್ದಳು. ಪಿಯುಸಿ ಆದ ಮೇಲೆ ಸೀಟು ಆರಿಸುವಾಗ ಮೈನಿಂಗ್ ಇಂಜಿನಿಯರಿಂಗನ್ನೇ ಬರೆದಳು. ನಮ್ಮ ನಾದಿನಿ ಬಂದು, "ಎಣ್ಣೈಕ್ಳ ಯಾರಾರ ಗಣಿಗೆ ಇಳಿಸ್ತಾರಾ?" ಅಂತ ಕೇಳಿದ್ದಕ್ಕೆ ಇವರು, "ಇಳಿಯೋನು ನಾನು, ಓದೋಳು ಅವ್ಳು. ನಿಂಗೇನು ಕಷ್ಟ?" ಅಂದಿದ್ದರು. ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಇವಳು ಓದಿದಳು, ಕರಾವಳಿಯ ಕಾಲೇಜೊಂದರಲ್ಲಿ ಎಂ.ಟೆಕ್.ಗೂ ಸೇರಿದಳು.

ಆ ವರ್ಷ ಅವಳು ಬೇರೆ ರಾಜ್ಯದ ಕಲ್ಲಿದ್ದಲು ಗಣಿಗೆ ಹೋಗಬೇಕಿತ್ತು. ನೆಲದೊಳಗೆ ಸುರಂಗದ ಚಾವಣಿ ಯಾಕೆ ಕುಸಿಯುತ್ತದೆ ಅನ್ನುವುದು ಅವಳ ವಿಷಯ. ಕಂಪ್ಯೂಟರಿನಲ್ಲಿ ಏನೇನೋ ಲೆಕ್ಕ ಮಾಡಿಟ್ಟುಕೊಂಡಿದ್ದಳು. ಗಣಿಯವರು ಇವತ್ತು ನಾಳೆ ಅಂತ ಕಾಯಿಸಿ ಕೊನೆಗೆ ಅನುಮತಿ ಇಲ್ಲ ಅಂದರು. ಚೀಲ ಹೊತ್ತು ಮನೆಗೆ ಬಂದವಳು ಊಟವನ್ನೂ ಸರಿಯಾಗಿ ಮಾಡಲಿಲ್ಲ.

"ನಮ್ ಕ್ವಾರಿಗೇ ಬಾ ಮಗಾ" ಅಂದರು ಇವರು. "ಅಲ್ಲಿ ಕಲ್ಲಿಲ್ವಾ?"

"ಅಪ್ಪಾ, ಅದು ಜಲ್ಲಿ ಕ್ವಾರಿ."

"ಜಲ್ಲಿ ಏನು ಮ್ಯಾಲಿಂದ ಉದುರ್ತದಾ?"

ಅವಳ ಪ್ರೊಫೆಸರೂ ಫೋನಿನಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದರಂತೆ. ಹತ್ತಿರದ ಎರಡು ಕ್ವಾರಿ ನೋಡು, ಸೈರನ್ ಕೂಗಿದ ಮೇಲೆ ಜನ ಆಸರೆ ಸೇರಲು ಎಷ್ಟು ಹೊತ್ತು ತಗೊಳ್ತಾರೆ ಅಂತ ಅಳತೆ ಮಾಡು ಅಂತ. ಆಸರೆ ಅಂದರೆ ಬಂಡೆ ಸಿಡಿಸುವಾಗ ಕೆಲಸದವರು ಹೊಕ್ಕು ನಿಲ್ಲುವ ಕಬ್ಬಿಣದ ಗೂಡು. ಮೊದಲ ಸೈರನ್ ಕೂಗಿದಾಗ ಗುಂಡಿಯಲ್ಲಿರುವವರೆಲ್ಲ ಎದ್ದು ಅದರೊಳಗೆ ಸೇರಬೇಕು. ಎರಡನೆಯದು ಕೂಗಿದರೆ ಮದ್ದು ಸಿಡಿಯುತ್ತದೆ, ಕಲ್ಲು ಹಾರುತ್ತದೆ. "ಗಡಿಯಾರ ಹಿಡ್ಕೊಂಡು ಕೂರೋ ಕೆಲಸ ಅವ್ವಾ. ಇದಕ್ಕೆ ಎಂ.ಟೆಕ್. ಬೇಕಾ?" ಅಂತ ನನ್ನ ಹತ್ತಿರ ಮುಖ ಸಣ್ಣಗೆ ಮಾಡಿಕೊಂಡಳು.

ವಾರದಲ್ಲಿ ಕೆಲವು ದಿನ ನರಸೀಪುರದ ಕಡೆಯ ಒಂದು ಕ್ವಾರಿಗೆ, ಉಳಿದ ದಿನ ಅಪ್ಪನ ಕ್ವಾರಿಗೆ. ಬೆಳಿಗ್ಗೆ ಎರಡು ಟಿಫನ್ ಕ್ಯಾರಿಯರ್ ಕಟ್ಟುತ್ತಿದ್ದೆ. ಇವರಿಗೆ ಮುದ್ದೆ ಉಪ್ಪೆಸರು, ಅವಳಿಗೆ ಚಪಾತಿ. ಆ ಬಿಸಿಲಿನಲ್ಲಿ ಅವಳು ನೀರನ್ನೇ ಕುಡಿಯುತ್ತಿಲ್ಲ ಅನ್ನುವುದು ತಿರುಗಿ ಬಂದ ತುಂಬಿದ ಬಾಟಲಿಯಿಂದ ನನಗೆ ಗೊತ್ತಾಯಿತು. ಯಾಕೆ ಅಂತ ಕೇಳಬೇಕಾಗಿರಲಿಲ್ಲ. ಕ್ವಾರಿಯಲ್ಲಿ ಹೆಂಗಸರಿಗೆ ಒಂದು ಮರೆ ಇಲ್ಲ. ಒಂದು ದಿನ ರಜೆ ಹಾಕಿ ನಾನೇ ಹೋಗಿ, ಪಕ್ಕದ ಹಳ್ಳಿಯ ಅಂಚಿನ ಮನೆಯವರೊಡನೆ ಮಾತಾಡಿ ಅವರ ಬಚ್ಚಲು ಗೊತ್ತು ಮಾಡಿ ಬಂದೆ.

ಅವತ್ತೇ ನಾನು ಅವಳ ಕೆಲಸ ಕಣ್ಣಾರೆ ಕಂಡಿದ್ದು. ಗುಂಡಿಯ ಮೇಲಂಚಿನಲ್ಲಿ ಛತ್ರಿ ಕಟ್ಟಿ, ಅದರಡಿ ಮೂರು ಕಾಲಿನ ಕಡ್ಡಿಯ ಮೇಲೆ ಫೋನು ನಿಲ್ಲಿಸಿದ್ದಳು. ಕೆಳಗಿನವರಿಗೆ ಅದೊಂದು ತಮಾಷೆ. ಡ್ರಿಲ್ ಹೊಡೆಯುವ ಕುಮಾರ ಹೆಲ್ಮೆಟ್ ತೆಗೆದು ಕ್ರಾಪು ತೀಡಿಕೊಂಡು, "ಮೇಡಮ್ನೋರೆ, ನಮ್ ಮಖ ಟಿವೀಲಿ ಬತ್ತದಾ?" ಅಂತ ಕೂಗಿದ.

"ಸೈರನ್ ಆದಾಗ ಓಡಿದ್ರೆ ಬರುತ್ತೆ ಕುಮಾರಣ್ಣ."

"ಓಡಕ್ಕೆ ನಾವೇನು ಕುರಿಯಾ? ಗಂಡಸ್ರು ಕಣವ್ವ, ನಡ್ಕಂಡೇ ಓಯ್ತೀವಿ."

ಸುತ್ತ ಇದ್ದವರೆಲ್ಲ ನಕ್ಕರು. ಒಂದು ಬಂಡೆಯ ಮೇಲೆ ತಲೆಗೆ ಟವೆಲ್ಲು ಸುತ್ತಿ ಕೂತಿದ್ದ ನಮ್ಮವರೂ ಎಲ್ಲರ ಮುಖ ನೋಡಿ ನಕ್ಕರು.

ಏಪ್ರಿಲ್ ಕಳೆಯುವ ಹೊತ್ತಿಗೆ ಚೈತ್ರಳಿಗೆ ಒಂದು ತಲೆನೋವು ಶುರುವಾಯಿತು. ನರಸೀಪುರದ ಕಡೆಯ ಕ್ವಾರಿಯಲ್ಲಿ ಸೈರನ್ ಕೂಗಿದ ಕೂಡಲೇ ಜನ ಕೈಲಿದ್ದದ್ದು ಬಿಟ್ಟು ಏಳುತ್ತಾರೆ. ಅಪ್ಪನ ಕ್ವಾರಿಯಲ್ಲಿ ಕೂಡಲೇ ಏಳುವುದಿಲ್ಲ. ಎದ್ದ ಮೇಲೆ ಬೇಗ ನಡೆಯುತ್ತಾರೆ. ಆದರೆ ಏಳುವುದಕ್ಕೆ ಮೊದಲು ಒಂದಷ್ಟು ಹೊತ್ತು ಸುಮ್ಮನೆ ಹೋಗುತ್ತದೆ. ಸೈರನ್ ಸರಿಯಿಲ್ಲವೇನೋ ಅಂತ ಪರೀಕ್ಷೆ ಮಾಡಿದಳು. ಪಕ್ಕದ ಊರಿಗೂ ಕೇಳುವಷ್ಟು ಜೋರಾಗಿತ್ತು.

ಅದೇ ವಾರ ಕುಮಾರ ಕುಂಟುತ್ತಾ ನಮ್ಮ ಮನೆಗೆ ಬಂದ. ಅವನ ಮನೆ ನಮ್ಮ ಬೀದಿಯ ಕೊನೆಗೆ. ಕೊನೆಯವನಾಗಿ ಗೂಡು ಹೊಗುತ್ತಿದ್ದನಂತೆ, ಹಾರಿ ಬಂದ ಕಲ್ಲೊಂದು ಹಿಮ್ಮಡಿಗೆ ತಾಕಿತ್ತು. ಊದಿಕೊಂಡಿತ್ತು, ಮೂಳೆ ಮುರಿದಿರಲಿಲ್ಲ. ಅರಿಶಿನ ಬಿಸಿ ಮಾಡಿ ಪಟ್ಟು ಹಾಕುತ್ತಾ, "ಸೈರನ್ ಕೂಗಿದ ತಕ್ಷಣ ಎದ್ದು ಬರೋಕೆ ನಿಂಗೇನು ರೋಗ?" ಅಂದೆ.

"ಮೇಸ್ತ್ರಣ್ಣ ಟವಲ್ ಕೊಡವ್ದೆ ಎಂಗೆ ಏಳದಕ್ಕ?"

"ಹಾಗಂದ್ರೆ?"

"ಸೈರನ್ ಬರಕ್ ಮುಂಚಿಂದ ಅಂಗೇ. ತಲೆ ಮ್ಯಾಗ್ಳ ಟವಲ್ ಬಿಚ್ಚಿ, ಕೊಡವಿ, ಎಗ್ಲಿಗೆ ಆಕ್ಕಂಡ ಅಂದ್ರೆ ಎಲ್ರೂ ಏಳ್ರಲಾ ಅಂತ. ಅವ್ನು ಕೂತಿರೋವಾಗ ನಾವು ಎದ್ದು ಓಡಿದ್ರೆ ಏನ್ ಚೆಂದ? ಎದೆ ಇಲ್ದೋರು ಅಂತಾರೆ."

ಊಟಕ್ಕೂ ಹಾಗೇ, ಇವರು ಕ್ಯಾರಿಯರ್ ಬಿಚ್ಚಿದ ಮೇಲೆ ಉಳಿದವರು ಬಿಚ್ಚುವುದು. ಹಿರಿಯರಿಗೆ ಕೊಡುವ ಮರ್ಯಾದೆ ಅಂತ ನನಗೂ ಒಳಗೊಳಗೇ ಹೆಮ್ಮೆ ಇತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಚೈತ್ರ ಮಾತ್ರ ಒಳಗೆ ಹೋಗಿ ಲ್ಯಾಪ್‌ಟಾಪ್ ತೆಗೆದಳು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನದ ಅಡುಗೆಗೆ ಬೇಳೆ ಇಟ್ಟಿದ್ದೆ. ಇವರು ಜಗಲಿಯ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. "ಅವ್ವಾ, ಇಲ್ಲಿ ಬಾ" ಅಂತ ಕರೆದು ಚೈತ್ರ ತಾನು ತೆಗೆದಿದ್ದ ವಿಡಿಯೋ ಹಾಕಿದಳು. ಗುಂಡಿಯ ತಳದಲ್ಲಿ ಇರುವೆಗಳಂತೆ ಜನ. ಸೈರನ್ ಕೂಗಿತು. ಕುಮಾರ ಡ್ರಿಲ್ ನಿಲ್ಲಿಸಿ ನೆಟ್ಟಗೆ ನಿಂತ. ಉಳಿದವರೂ ಕೈ ನಿಲ್ಲಿಸಿದರು. ಯಾರೂ ಕದಲಲಿಲ್ಲ. ಎಲ್ಲರ ಹೆಲ್ಮೆಟ್ಟುಗಳೂ ಒಂದೇ ಕಡೆ ತಿರುಗಿದ್ದವು.

"ಎಲ್ರೂ ಅಪ್ಪನ್ನ ನೋಡ್ತಿದಾರೆ" ಅಂದಳು. "ಅಪ್ಪನ್ನ ನೋಡು ಈಗ."

ಇವರು ಆ ಬಂಡೆಯ ಮೇಲೆ ಕೂತೇ ಇದ್ದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಇವರು ಅವರನ್ನು, ಅವರು ಇವರನ್ನು. ಸೈರನ್ ಅಷ್ಟು ಹೊತ್ತೂ ಕೂಗುತ್ತಲೇ ಇತ್ತು.

"ಯಾಕೆ ಕೂತಿದಾನೆ ಅಪ್ಪ?"

ನಾನು ಉತ್ತರ ಕೊಡುವ ಮೊದಲೇ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಹಳೆಯ ಕುಕ್ಕರ್, ಕೂಗಿದರೆ ಪಕ್ಕದ ಮನೆಯ ತೊಟ್ಟಿಲ ಕೂಸು ಬೆಚ್ಚಿಬೀಳುತ್ತಿತ್ತು. ಚೈತ್ರ ತಲೆ ಎತ್ತಿ ಜಗಲಿಯ ಕಡೆ ನೋಡಿದಳು. ನಾನೂ ನೋಡಿದೆ. ಮತ್ತೆ ಕೂಗಿತು. ಇವರ ಹೆಗಲು ಅಲುಗಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ, ಅದೇ ನಿಧಾನದಲ್ಲಿ ಬೀಳುತ್ತಿದ್ದವು.

ಹಿಂದೆ ಎರಡು ಸಲ ಬೇಳೆ ಸೀದಿತ್ತು. "ಕೂಗ್ದಾಗ ಆಪ್ ಮಾಡಿ ಅಂದಿದ್ನಲ್ಲ" ಅಂದರೆ "ಕೂಗ್ಲೇ ಇಲ್ಲ ಕಣೇ" ಅಂದಿದ್ದರು. ಏನೋ ಯೋಚನೆಯಲ್ಲಿರುತ್ತಾರೆ ಅಂದುಕೊಂಡಿದ್ದೆ. ಟಿವಿ ಜೋರು ಮಾಡುತ್ತಿದ್ದದ್ದೂ ಕ್ವಾರಿಯವರ ಅಭ್ಯಾಸ ಅಂತಲೇ ಇತ್ತು ನನ್ನ ಲೆಕ್ಕ. ಕ್ವಾರಿಯಲ್ಲಿ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಕಂಪ್ರೆಸರ್ ಸದ್ದಿಗೆ ಅಲ್ಲಿ ಎಲ್ಲರೂ ಕಿರುಚುವವರೇ, ಅರ್ಧ ಮಾತು ಕೈಸನ್ನೆಯಲ್ಲೇ. ಮೇಸ್ತ್ರಿಯ ಹತ್ತಿರ ಮಾತಾಡುವವರು ಹೇಗೂ ಎದುರಿಗೆ ಬಂದು ನಿಲ್ಲುತ್ತಾರೆ. ಮನೆಯಲ್ಲೂ ನಾವು ಎದುರು ಕೂತೇ ಮಾತಾಡುತ್ತಿದ್ದೆವು, ಇವರು ತುಟಿ ನೋಡಿ ಹಿಡಿಯುತ್ತಿದ್ದರೇನೋ.

ಒಲೆ ಆರಿಸಿ ಬಂದು ಮಗಳ ಪಕ್ಕ ಕೂತೆ. ಇವತ್ತು ಕುಮಾರನ ಹಿಮ್ಮಡಿ. ನಾಳೆ ಯಾರದೋ ತಲೆ, ಇವರದೇ ಇರಬಹುದು. ಹೇಳದಿದ್ದರೆ ಹಾಗೆ. ಹೇಳಿದರೆ ಮೇಸ್ತ್ರಿ ಕೆಲಸ ಹೋಗುತ್ತದೆ. ಹದಿನೆಂಟು ತುಂಬುವ ಮೊದಲೇ ಕಲ್ಲಿನ ಜೊತೆ ನಿಂತ ಮನುಷ್ಯ ಅದು ಹೋದ ಮೇಲೆ ಮನೆಯಲ್ಲಿ ಏನು ಮಾಡಿಯಾರು? ಚೈತ್ರ, "ವರದೀಲಿ ನಾನು ಇದನ್ನ ಬರೀಲೇಬೇಕಲ್ಲ ಅವ್ವಾ" ಅಂದಳು.

ಮೊದಲು ಇವರಿಗೆ ಹೇಳಬೇಕಿತ್ತು. ಆದರೆ ಗಟ್ಟಿಯಾಗಿ ಕೂಗದೆ ಇಂಥ ವಿಷಯ ಇವರಿಗೆ ಮುಟ್ಟುವುದಿಲ್ಲ. ನಮ್ಮ ಬೀದಿಯಲ್ಲೋ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಾರೆ. ಕೂಗಿ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಯೋಚಿಸಿ ಯೋಚಿಸಿ, "ಅಮ್ಮನ್ನ ನೋಡ್ಕೊಂಡು ಬರೋಣ" ಅಂತ ಇಬ್ಬರನ್ನೂ ಕರೆದುಕೊಂಡು ಆ ಮಧ್ಯಾಹ್ನವೇ ತಲಕಾಡಿನ ನನ್ನ ತವರಿಗೆ ಹೊರಟೆ. ಅಮ್ಮನಿಗೆ ಮುಖ ತೋರಿಸಿ, ಬಿಸಿಲು ಇಳಿದ ಮೇಲೆ ಮರಳಿನ ಕಡೆ ನಡೆದೆವು. ದಿಬ್ಬ ಹತ್ತಿ ಇಳಿದು, ಯಾತ್ರಿಕರ ಸಾಲು ಬಿಟ್ಟು ದೂರ ಹೋಗಿ ಕೂತೆವು. ಅಲ್ಲಿ ಎಷ್ಟು ಕೂಗಿದರೂ ಮರಳಿಗೆ ಬಿಟ್ಟು ಯಾರಿಗೂ ತಾಕುವುದಿಲ್ಲ.

ಚೈತ್ರಳೇ, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ, "ಅಪ್ಪಾ, ನಿನಗೆ ಸೈರನ್ ಕೇಳ್ಸುತ್ತಾ?" ಅಂದಳು.

"ಯಾಕ್ ಅಂಗ್ ಅರಚ್ಕತೀಯ? ನಾನೇನ್ ಕಿವುಡ್ನಾ?"

ಇವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಆಮೇಲೆ ಮರಳನ್ನು ಹಿಡಿಯಲ್ಲಿ ತುಂಬಿ ಬಿಡುತ್ತಾ ಕೂತರು.

"ಮದ್ದು ಸಿಡ್ದದ್ದು ಕಾಲ್ಗೆ ಗೊತ್ತಾಯ್ತದೆ" ಅಂದರು. "ಸೈರನ್ನು ಕೇಳ್ಸಾಕಿಲ್ಲ ಕಣವ್ವ."

"ಮತ್ತೆ ಹೇಗೆ ಏಳ್ತೀಯ?"

"ಕುಮಾರ್ ಇಲ್ವಾ. ಡ್ರಿಲ್ ನಿಲ್ಸಿ ನೆಟ್ಟಗೆ ನಿಂತ್ಕತಾನೆ. ಬ್ಯಾರೆಯೋರೂ ನಿಂತ್ರೆ ಸೈರನ್ ಕೂಗ್ತು ಅಂತ ತಿಳ್ಕಂಡು ಟವಲ್ ಕೊಡವ್ತೀನಿ."

"ಅಪ್ಪಾ, ಅವರು ನಿಂತಿರೋದು ನಿನ್ನ ಟವೆಲ್ ನೋಡೋಕೆ."

ಇಳಿಬಿಸಿಲಿಗೆ ನಾನು ಸೆರಗು ಮರೆ ಹಿಡಿದೆ, ಅವಳು ಫೋನಿನಲ್ಲಿ ವಿಡಿಯೋ ತೋರಿಸಿದಳು. "ಇನ್ನೊಂದ್ ಕಿತ ಆಕು" ಅಂದರು. ಹಾಕಿದಳು. ತಮ್ಮನ್ನೇ ನೋಡುತ್ತಾ ನಿಂತ ಆ ಹೆಲ್ಮೆಟ್ಟುಗಳನ್ನು ಬೆರಳಿಟ್ಟು ಒಂದೊಂದಾಗಿ ಮುಟ್ಟಿದರು. "ಎಲ್ಲಾ ಮಕ್ಕಳೊಂದಿಗ್ರು" ಅಂದರು. ಅದಾದ ಮೇಲೆ ತಮ್ಮ ವಿಷಯಕ್ಕೆ ಬಂದರು. "ಮೇಸ್ತ್ರಿ ಕೆಲ್ಸ ಕಿತ್ಕಂಡ್ರೆ ನಾನೇನ್ ಗೇಟ್ ಕಾಯ್ಲಾ ಟೀಚರಮ್ಮ?" ಅಂತ ನನ್ನನ್ನು ಕೇಳಿದರು. ಬೇಜಾರಾದಾಗ ನನ್ನನ್ನು ಟೀಚರಮ್ಮ ಅನ್ನುವುದು. ಬಸ್ಸಿನಲ್ಲಿ ವಾಪಸು ಬರುವಾಗ, ಊರು ಹತ್ತಿರವಾದಾಗ ಮಗಳ ಕಡೆ ತಿರುಗಿ, "ನೀನು ಬರಿ. ನಾನೇ ಅವ್ರಿಗೆಲ್ಲ ಏಳ್ತೀನಿ" ಅಂದರು ಅಷ್ಟೆ.

ಮಾರನೆಯ ದಿನ ಏನಾಯಿತು ಅನ್ನುವುದನ್ನು ಚೈತ್ರ ಹೇಳಿದ್ದು. ಊಟದ ಹೊತ್ತಿಗೆ ಇವರು ಕ್ಯಾರಿಯರ್ ಬಿಚ್ಚಲಿಲ್ಲವಂತೆ. ಎಲ್ಲರೂ ಕಾಯುತ್ತಾ ಕೂತಾಗ, "ನಂಗೆ ಕಿವಿ ಕೇಳ್ಸಾಕಿಲ್ಲ ಕಣ್ರಲಾ. ಸೈರನ್ ಆದ್ರೆ ನನ್ ಮಖ ನೋಡ್ಬ್ಯಾಡಿ, ಎದ್ದು ಓಗಿ" ಅಂದರಂತೆ. ಕುಮಾರ, "ಅಂಗಾರೆ ಇಷ್ಟ್ ದಿನ ನಾವು ಬೈದದ್ದು ಒಂದೂ ಕೇಳ್ಸಿಲ್ವಾ ಮೇಸ್ತ್ರಣ್ಣ?" ಅಂದ.

ಇವರು, "ಏನಂದ?" ಅಂತ ಪಕ್ಕದವನನ್ನು ಕೇಳಿದರು. ಗುಂಡಿಯಲ್ಲಿ ಅಷ್ಟು ನಗು ಯಾವತ್ತೂ ಕೇಳಿರಲಿಲ್ಲ ಅಂದಳು ಚೈತ್ರ.

ಮ್ಯಾನೇಜರು ನಗಲಿಲ್ಲ. ಡಾಕ್ಟರ ಪರೀಕ್ಷೆ ಆಗುವವರೆಗೆ ಗುಂಡಿಗೆ ಇಳಿಯಬಾರದು ಅಂದುಬಿಟ್ಟರು. ಆ ದಿನಗಳು ಮನೆಯಲ್ಲಿ ಬಹಳ ಉದ್ದವಿದ್ದವು. ಇವರು ಇದ್ದ ಹುಣಸೆಹಣ್ಣನ್ನೆಲ್ಲ ಬಿಡಿಸಿ ಮುಗಿಸಿ, ಅಟ್ಟದ ಪಾತ್ರೆ ಇಳಿಸಿ ತೊಳೆದು, ಪಕ್ಕದ ಮನೆಯವರ ನಲ್ಲಿಯನ್ನೂ ರಿಪೇರಿ ಮಾಡಿ ಕೊಟ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ ಕಿವಿ ನೋಡಿದರು. ಹೋದದ್ದು ವಾಪಸು ಬರುವುದಿಲ್ಲ, ಮೆಷಿನ್ನು ಹಾಕಿದರೆ ಉಳಿದದ್ದರಲ್ಲಿ ನಡೆಯುತ್ತದೆ, ಗದ್ದಲದಲ್ಲಿ ಅದನ್ನೂ ನಂಬಿ ಕೂರಬೇಡಿ ಅಂದರು ಡಾಕ್ಟರು. ಚೈತ್ರ ಅಷ್ಟರಲ್ಲಿ ಪ್ರೊಫೆಸರ ಜೊತೆ ಮಾತಾಡಿ ಒಂದು ಏರ್ಪಾಟು ಬರೆದುಕೊಂಡಿದ್ದಳು. ಸೈರನ್ ಕಂಬಕ್ಕೆ ತಿರುಗುವ ಕೆಂಪು ದೀಪ. ಸೈರನ್ ಕೂಗಿಸುವುದಕ್ಕೆ ಮೊದಲು ಮದ್ದಿನವನು ಬಂದು ಮೇಸ್ತ್ರಿಯ ಹೆಗಲು ತಟ್ಟಬೇಕು. ಮೇಸ್ತ್ರಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗಿಂತ ಮೊದಲು ಗೂಡು ಸೇರಿ, ಬಾಗಿಲಲ್ಲಿ ನಿಂತು ಬಂದವರ ತಲೆ ಎಣಿಸಬೇಕು. ಅವರು ತಲೆ ಎಣಿಸಿ ಕೈ ಎತ್ತುವವರೆಗೆ ಎರಡನೆಯ ಸೈರನ್ ಕೂಗಿಸಬಾರದು.

ಅದನ್ನು ಓದಿ ಮ್ಯಾನೇಜರು ಹೇಳಿದ್ದು ನನಗೆ ಈಗಲೂ ನೆನಪಿದೆ, ಚೈತ್ರ ಅವರ ದನಿಯಲ್ಲೇ ಹೇಳಿ ತೋರಿಸಿದ್ದಳು: "ಇವರನ್ನ ಮನೆಗೆ ಕಳಿಸಿದ್ರೆ ಇವರೆಲ್ಲ ಯಾರನ್ನ ನೋಡ್ಕೊಂಡು ಏಳ್ತಾರಮ್ಮ? ಇರಲಿ. ಮೊದಲು ಎದ್ದೇಳಲಿ."

ಇವರಿಗೆ ಅದೇ ಕಷ್ಟವಾದದ್ದು. "ಜನಾನೆಲ್ಲ ಬಿಟ್ಟು ನಾನು ಮುಂದ್ಗಡೆ ಓಡೋಗದಾ? ಥೂ" ಅಂತ ಮತ್ತೆ ಗುಂಡಿಗೆ ಇಳಿಯುವ ಹಿಂದಿನ ಸಂಜೆಯೆಲ್ಲ ಗೊಣಗಿದರು. ಚೈತ್ರ, "ಓಡಬೇಡ, ಟವೆಲ್ ಕೊಡವಿ ನಡಿ. ಉಳಿದದ್ದು ಅವರು ಮಾಡ್ತಾರೆ" ಅಂದಳು.

ಮರುದಿನ ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳು ಉಂಡು ಮಲಗಿದ್ದವು. ಆಕಾಶ ಕಪ್ಪಾಗಿತ್ತು, ಗಾಳಿ ನಿಂತಿತ್ತು. ನಾನು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಅದರ ಎದುರಿಗೇ ಕೂತೆ. ಒಂದು ಮಗು ಎದ್ದು ನೀರು ಕೇಳಿತು, ಕುಡಿಸಿ ಮಲಗಿಸಿದೆ. ಫೋನು ಬಂತು.

"ಅವ್ವಾ" ಅಂದಳು ಚೈತ್ರ. "ಅಪ್ಪ ಎದ್ದ."

ಮದ್ದಿನವನು ಹೆಗಲು ತಟ್ಟಿದನಂತೆ. ಇವರು ಟವೆಲ್ಲು ಬಿಚ್ಚಿ, ಒಮ್ಮೆ ಕೊಡವಿ, ಹೆಗಲಿಗೆ ಹಾಕಿ ಹೊರಟರಂತೆ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ತಿರುಗಿ ನೋಡುತ್ತಿದ್ದರಂತೆ. ಹಿಂದೆ ಎಲ್ಲರೂ ಬರುತ್ತಿದ್ದರು, ಕುಮಾರ ಕುಂಟುತ್ತಾ ನಡುವೆ. ಗೂಡಿನ ಬಾಗಿಲಲ್ಲಿ ಇವರು ಒಬ್ಬೊಬ್ಬರ ಹೆಲ್ಮೆಟ್ಟನ್ನೂ ಮುಟ್ಟಿ ಒಳಗೆ ಬಿಟ್ಟರು. ಎಲ್ಲ ಸೇರಿದ ಮೇಲೂ ಬೇಕಾದಷ್ಟು ಹೊತ್ತು ಉಳಿದಿತ್ತು. "ಕುಮಾರಣ್ಣ ಒಳಗೆ ನಿಂತು ನಿಂತು ಕಾಲು ನೋವು ಅಂತ ಬೈತಿದ್ದ" ಅಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಮಲಗಿದ್ದ ಮಕ್ಕಳ ನಡುವೆ ಗೋಡೆಗೆ ಒರಗಿದೆ. ಹೊರಗೆ ದಪ್ಪ ಹನಿ ಬೀಳಲು ಶುರುವಾಯಿತು. ಬೆಳಿಗ್ಗೆ ಹಾಕಿದ್ದ ಬಟ್ಟೆ ಮನೆಯ ತಂತಿಯ ಮೇಲೇ ಇತ್ತು. ನೆನೆಯಲಿ ಅಂದುಕೊಂಡೆ.

ಚೈತ್ರ ತನ್ನ ವರದಿಯಲ್ಲಿ ಅಪ್ಪನ ಹೆಸರು ಹಾಕಲಿಲ್ಲ, ಒಬ್ಬ ಹಿರಿಯ ಕಾರ್ಮಿಕ ಅಂತ ಬರೆದಳು. ಅದನ್ನು ಓದಿದ ಪ್ರೊಫೆಸರು, "ಕಲ್ಲು ಯಾಕೆ ಬೀಳುತ್ತೆ ಅಂತ ಓದೋರು ನಮ್ಮಲ್ಲಿ ಬಹಳ ಜನ ಇದಾರೆ. ಜನ ಯಾಕೆ ಏಳಲ್ಲ ಅಂತ ನೀನು ಓದು" ಅಂದರಂತೆ. ಈಗ ಪಿಎಚ್.ಡಿ.ಗೆ ಅವಳು ಓದುತ್ತಿರುವುದು ಅದನ್ನೇ. ಯಾವ ಕಲ್ಲಿದ್ದಲು ಗಣಿ ಆಗ ಬೇಡ ಅಂದಿತ್ತೋ ಅಂಥದ್ದೇ ಒಂದು ಗಣಿಯವರು ತಾವಾಗಿ ಕರೆಸಿಕೊಂಡಿದ್ದಾರೆ. ದಿನಾ ಸಂಜೆ ಮೇಲೆ ಬಂದ ಕೂಡಲೇ ಫೋನು ಮಾಡುತ್ತಾಳೆ. ಅವಳ ದನಿ ಕೇಳಿದ ಮೇಲೇ ನಾನು ಒಲೆ ಹಚ್ಚುವುದು.

ಬಸ್ಸಿನಲ್ಲಿ ನಾನು ಇದೆಲ್ಲ ನೆನೆಯುತ್ತಾ ಕಿಟಕಿಯ ಕಡೆ ಮುಖ ಮಾಡಿದ್ದೆ. ಹಿಂದಿನ ಸೀಟಿನ ಅಜ್ಜಿ ಮುಹೂರ್ತದ ಚಿಂತೆ ಬಿಟ್ಟು ತೂಕಡಿಸುತ್ತಿದ್ದರು. ಅಷ್ಟರಲ್ಲಿ ದೂರದಲ್ಲಿ ಸೈರನ್ ಕೂಗಲು ಶುರುವಾಯಿತು. ನನಗೆ ಅದು ಸೈರನ್ ಅಂತ ಅರಿವಾಗುವಷ್ಟರಲ್ಲಿ ಪಕ್ಕದಲ್ಲಿ ಇವರು ಬಾಳೆಹಣ್ಣಿನ ಚಿಪ್ಪನ್ನು ನನ್ನ ತೊಡೆಗೆ ದಾಟಿಸಿ ಎದ್ದು ನಿಂತಿದ್ದರು. ತಲೆಯ ಟವೆಲ್ಲು ಬಿಚ್ಚಿ, ಬಸ್ಸಿನೊಳಗೇ ಒಮ್ಮೆ ಕೊಡವಿ, ಹೆಗಲಿಗೆ ಹಾಕಿಕೊಂಡರು. ಕಿವಿಯ ಹಿಂದೆ ಮೆಷಿನ್ನಿನ ಸಣ್ಣ ತಂತಿ ಕಾಣುತ್ತಿತ್ತು.

"ಯಜಮಾನ್ರೇ, ಸ್ಟಾಪಲ್ಲ ಇದು. ಕೂತ್ಕಳಿ" ಅಂದ ಕಂಡಕ್ಟರು.

"ಕೇಳ್ತು ಕಣಪ್ಪ" ಅಂದರು ಇವರು, ಇನ್ನೂ ನಿಂತೇ.